ನೀಟ್ ಇನ್ನೊಂದು ಸಲ ಬರೆಯಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ರಿಸಲ್ಟ್ ಬಂದ ಮೇಲೆ ಹುಡುಗರು, ಅಪ್ಪ ಅಮ್ಮ ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಕರ್ನಾಟಕದಲ್ಲಿ ಓದಿ, ಇಲ್ಲೇ ಎಂಬಿಬಿಎಸ್ ಸೀಟು ಬೇಕು ಅನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಿಯಮಗಳು ವರ್ಷ ವರ್ಷ ಅಷ್ಟಿಷ್ಟು ಬದಲಾಗುತ್ತವೆ, ಹಾಗಾಗಿ ಅರ್ಜಿ ಹಾಕುವ ಮೊದಲು ಆ ವರ್ಷದ ಇನ್ಫರ್ಮೇಶನ್ ಬುಲೆಟಿನ್ ಪೂರ್ತಿ ಓದಿ. ಯಾರೂ ಓದುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನೀಟ್ ಎಷ್ಟು ಸಲ ಬರೆಯಬಹುದು? ವಯಸ್ಸು ಜಾಸ್ತಿ ಆಯಿತು ಅಂತ ಬಿಡುವುದಿಲ್ವಾ?

ಎಷ್ಟು ಸಲ ಬೇಕಾದರೂ ಬರೆಯಬಹುದು. ಮೇಲಿನ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದರು. ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು, ಅಷ್ಟೇ. ಮೊದಲನೇ ಸಲ ಬರೆದವರಿಗೆ ಮೊದಲ ಆದ್ಯತೆ ಅಂತ ಏನೂ ಇಲ್ಲ. ರ‍್ಯಾಂಕ್ ಪಟ್ಟಿಯಲ್ಲಿ ನೀವು ರಿಪೀಟರ್ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾದರೂ ಏನೂ ಆಗುವುದಿಲ್ಲ.

ನಾನು ರಿಪೀಟ್ ಮಾಡಬೇಕಾ ಬೇಡ್ವಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ. ನಿಮ್ಮ ಒಟ್ಟು ಮಾರ್ಕ್ಸ್ ನೋಡಿ ಯಾರಾದರೂ 'ಮಾಡು' ಅಥವಾ 'ಬಿಡು' ಅಂದರೆ ಅವರ ಮಾತು ಕೇಳಬೇಡಿ, ಯಾಕಂದರೆ ನೋಡಬೇಕಾದ್ದು ಮಾರ್ಕ್ಸ್ ಎಲ್ಲಿ ಸೋರಿಹೋಯಿತು ಅನ್ನುವುದನ್ನು.

ಪರೀಕ್ಷೆ ನಡೆಸುವ ಎನ್‌ಟಿಎ ನಿಮ್ಮ ಒಎಂಆರ್ ಶೀಟಿನ (ಉತ್ತರಕ್ಕೆ ಗುರುತು ಹಾಕುವ ಹಾಳೆ) ಸ್ಕ್ಯಾನ್, ನೀವು ಗುರುತು ಮಾಡಿದ ಉತ್ತರಗಳು, ಉತ್ತರದ ಕೀ ಮೂರನ್ನೂ ವೆಬ್‌ಸೈಟಿನಲ್ಲಿ ಹಾಕುತ್ತದೆ. ಸ್ವಲ್ಪ ದಿನ ಮಾತ್ರ ಇರುತ್ತದೆ, ಅಷ್ಟರೊಳಗೆ ಇಳಿಸಿಟ್ಟುಕೊಳ್ಳಿ. ಆಮೇಲೆ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಒಂದು ದಿನ ಪೂರ್ತಿ ಕೂರಿ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಕಾರಣ ಬರೆಯಿರಿ: ಪಾಠವೇ ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಮರೆತೆ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಸಮಯ ಸಾಲಲಿಲ್ಲ. ಈ ಕೆಲಸಕ್ಕೆ ಬೇಜಾರು ಮಾಡಿಕೊಳ್ಳುವವರು ಇನ್ನೊಂದು ವರ್ಷ ಓದುತ್ತಾರೆ ಅಂತ ನನಗಂತೂ ನಂಬಿಕೆ ಇಲ್ಲ.

ಲೆಕ್ಕ ನೋಡಿ. ಒಟ್ಟು 180 ಪ್ರಶ್ನೆ, ಸರಿಗೆ 4, ತಪ್ಪಿಗೆ ಒಂದು ಮಾರ್ಕ್ಸ್ ಕಟ್. 130 ಸರಿ, 40 ತಪ್ಪು, 10 ಖಾಲಿ ಅಂದರೆ 520ರಲ್ಲಿ 40 ಕಳೆದು 480. ಒಂದು ತಪ್ಪು ಸರಿಯಾದರೆ ಬರುವುದು 4 ಅಲ್ಲ, 5. ಆ 40 ತಪ್ಪುಗಳಲ್ಲಿ 12 ಬರೀ ಗಡಿಬಿಡಿಯಲ್ಲಿ ಆದದ್ದು ಅಂತ ಇಟ್ಟುಕೊಳ್ಳಿ, ಅವನ್ನಷ್ಟೇ ಸರಿಪಡಿಸಿದರೆ 540. ಇಂಥವರು ಧಾರಾಳವಾಗಿ ರಿಪೀಟ್ ಮಾಡಬಹುದು. 320 ಬಂದಿದೆ, ಆದರೆ ಇಡೀ ಎರಡು ವರ್ಷ ಫಿಸಿಕ್ಸ್ ಮುಟ್ಟೇ ಇಲ್ಲ ಅನ್ನುವವರಿಗೂ ದಾರಿ ಇದೆ, ಕಷ್ಟದ ದಾರಿ. ಎಲ್ಲ ಓದಿದ್ದೆ, ಎಲ್ಲ ಟೆಸ್ಟ್ ಬರೆದಿದ್ದೆ, ಮಾಕ್ ಟೆಸ್ಟ್‌ಗಳಲ್ಲೂ ವರ್ಷವಿಡೀ 320ರ ಆಸುಪಾಸಿನಲ್ಲೇ ಇತ್ತು ಅನ್ನುವವರು ಸ್ವಲ್ಪ ಯೋಚನೆ ಮಾಡಬೇಕು. ಅದೇ ಓದನ್ನು ಅದೇ ರೀತಿ ಇನ್ನೊಂದು ವರ್ಷ ಓದಿದರೆ ಅದೇ ಮಾರ್ಕ್ಸ್ ಬರುತ್ತದೆ ಅಲ್ವಾ?

ಅಂದ ಹಾಗೆ, ಕೀ ತಪ್ಪಿದೆ ಅನ್ನಿಸಿದರೆ ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪಣೆ ಹಾಕಬಹುದು. ಪಕ್ಕಾ ಆಧಾರ ಇದ್ದರೆ ಮಾತ್ರ ಹಾಕಿ.

ನನಗೆ 550 ಬಂದಿದೆ. ಹಿಂದಿನ ವರ್ಷ ಅಷ್ಟಕ್ಕೆ ಸೀಟು ಸಿಕ್ಕಿತ್ತಾ?

ಈ ಪ್ರಶ್ನೆಯನ್ನು ಹೀಗೆ ಕೇಳಲೇಬೇಡಿ. ಮಾರ್ಕ್ಸ್‌ಗೂ ಮಾರ್ಕ್ಸ್‌ಗೂ ಹೋಲಿಸಬೇಡಿ, ರ‍್ಯಾಂಕ್‌ಗೆ ರ‍್ಯಾಂಕ್ ಹೋಲಿಸಿ. 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಜನರಿಗೆ 720ಕ್ಕೆ 720 ಇತ್ತು. ಗ್ರೇಸ್ ಮಾರ್ಕ್ಸ್ ಗಲಾಟೆ ಆಯಿತು, 1563 ಮಂದಿಗೆ ಜೂನ್ 23ಕ್ಕೆ ಮರುಪರೀಕ್ಷೆ ಇಟ್ಟರು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕೊನೆಗೆ ಪರಿಷ್ಕೃತ ಪಟ್ಟಿಯಲ್ಲಿ ಪೂರ್ತಿ ಮಾರ್ಕ್ಸ್‌ನವರು 17 ಮಂದಿ ಉಳಿದರು. ಮರುವರ್ಷ 2025ರಲ್ಲಿ ಫಿಸಿಕ್ಸ್ ಎಷ್ಟು ಕಷ್ಟ ಬಂತು ಅಂದರೆ ದೇಶಕ್ಕೇ ಮೊದಲು ಬಂದವರ ಮಾರ್ಕ್ಸ್ 686. 2024ರ ಕಟ್‌ಆಫ್ ಗೋಡೆಗೆ ಅಂಟಿಸಿಕೊಂಡು 2025ಕ್ಕೆ ಓದಿದವರ ಗತಿ ಏನಾಗಿರಬೇಕು ಊಹಿಸಿ.

ರಾಜ್ಯದಲ್ಲಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯ ಪ್ರತಿ ಸುತ್ತಿನ ಕಟ್‌ಆಫ್ ರ‍್ಯಾಂಕ್‌ಗಳನ್ನು ಕಾಲೇಜುವಾರು, ಕೆಟಗರಿವಾರು ಹಾಕುತ್ತದೆ. ನಿಮ್ಮ ಕೆಟಗರಿಯ ಸಾಲು ನೋಡಿ, ಕೊನೆಯ ಸುತ್ತಿನ ರ‍್ಯಾಂಕ್ ನೋಡಿ. ಗುರಿ ಇಟ್ಟುಕೊಳ್ಳುವುದಾದರೆ ಆ ರ‍್ಯಾಂಕ್ ಮೇಲೆ ಇಟ್ಟುಕೊಳ್ಳಿ.

ಪರೀಕ್ಷೆಯ ಮಾದರಿ ಬದಲಾಗಿದೆಯಾ? ನನ್ನ ಹತ್ತಿರ ಹಳೆ ಪುಸ್ತಕ ಇವೆ.

2021ರಿಂದ 2024ರವರೆಗೆ ಸೆಕ್ಷನ್ ಬಿ ಇತ್ತು, 200 ಪ್ರಶ್ನೆಗಳಲ್ಲಿ 180 ಆರಿಸಿಕೊಳ್ಳಬಹುದಿತ್ತು. 2025ರಿಂದ ಆ ಆಯ್ಕೆ ಇಲ್ಲ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90, ಒಟ್ಟು 180 ನಿಮಿಷ. ಪಠ್ಯಕ್ರಮವನ್ನೂ 2024ರಲ್ಲಿ ಕಡಿಮೆ ಮಾಡಿದ್ದಾರೆ. ಅಣ್ಣನೋ ಅಕ್ಕನೋ ಬಿಟ್ಟುಹೋದ ಹಳೆ ಮೆಟೀರಿಯಲ್ ಇದ್ದರೆ ಹೊಸ ಪಠ್ಯಕ್ರಮದ ಜೊತೆ ಹೋಲಿಸಿ, ಇಲ್ಲದ ಪಾಠಗಳಿಗೆ ಗೆರೆ ಹೊಡೆದುಬಿಡಿ.

ಪಿಯುಸಿ ಮತ್ತೆ ಬರೆಯಬೇಕಾ?

ಎಂಬಿಬಿಎಸ್ ರ‍್ಯಾಂಕಿಗೆ ಪಿಯುಸಿ ಮಾರ್ಕ್ಸ್ ಸೇರುವುದೇ ಇಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ 50%, ಎಸ್‌ಸಿ, ಎಸ್‌ಟಿ, ಒಬಿಸಿಗೆ 40% ಇದ್ದರೆ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಮತ್ತೆ ಬರೆಯಿರಿ. ಈಗ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಒಂದು ವರ್ಷ ಕಾಯುವ ಕಷ್ಟವೂ ಇಲ್ಲ. ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಂಡಿರಲಿಲ್ಲ ಅನ್ನುವವರು ಆಮೇಲೆ ಅದನ್ನೊಂದು ವಿಷಯವಾಗಿ ಪಾಸು ಮಾಡಿಕೊಂಡರೂ ನೀಟ್ ಬರೆಯಬಹುದು, 2023ರ ಕೊನೆಗೆ ವೈದ್ಯಕೀಯ ಶಿಕ್ಷಣದ ನಿಯಮ ಮಾಡುವ ಎನ್‌ಎಂಸಿ ಇದನ್ನು ಸ್ಪಷ್ಟ ಮಾಡಿದೆ.

ಲಾಂಗ್ ಟರ್ಮ್ ಕೋಚಿಂಗ್ ಸೇರಲೇಬೇಕಾ? ಮನೆಯಲ್ಲೇ ಕೂತು ಓದಿದರೆ ಆಗಲ್ವಾ?

ಆಗುತ್ತದೆ, ಆದರೆ ಎಲ್ಲರಿಗೂ ಅಲ್ಲ. ಲಾಂಗ್ ಟರ್ಮ್‌ನಲ್ಲಿ ನಿಜಕ್ಕೂ ಸಿಗುವುದು ಪಾಠ ಅಲ್ಲ, ಪಾಠ ಫೋನಿನಲ್ಲೂ ಸಿಗುತ್ತದೆ. ಸಿಗುವುದು ಬೆಳಿಗ್ಗೆ ಎದ್ದು ಕೂರಲೇಬೇಕು ಅನ್ನುವ ಶಿಸ್ತು, ವಾರ ವಾರ ಟೆಸ್ಟ್, ಪಕ್ಕದವನಿಗೆ ಎಷ್ಟು ಬಂತು ಅನ್ನುವ ಒತ್ತಡ. ಆ ಒತ್ತಡ ಕೆಲವರನ್ನು ಎಬ್ಬಿಸುತ್ತದೆ, ಕೆಲವರನ್ನು ಮಲಗಿಸುತ್ತದೆ. ನೀವು ಯಾವ ಥರ ಅನ್ನುವುದು ನಿಮಗೇ ಗೊತ್ತಿರುತ್ತದೆ.

ಸೇರುವುದಾದರೆ ಫ್ಲೆಕ್ಸ್‌ನಲ್ಲಿರುವ ಟಾಪರ್ ಫೋಟೋ ನೋಡಿ ಸೇರಬೇಡಿ. ನೀವು ಸೇರುವ ಬ್ಯಾಚಿಗೆ ಯಾರು ಪಾಠ ಮಾಡುತ್ತಾರೆ ಕೇಳಿ, ಯಾಕಂದರೆ ಎಷ್ಟೋ ಕಡೆ ಒಳ್ಳೆಯ ಮೇಷ್ಟ್ರುಗಳೆಲ್ಲ ಮೊದಲ ಬ್ಯಾಚಿಗೆ ಹೋಗುತ್ತಾರೆ, ಉಳಿದ ಬ್ಯಾಚುಗಳಿಗೆ ಈಗಷ್ಟೇ ಕೆಲಸಕ್ಕೆ ಸೇರಿದವರು. ಮಧ್ಯೆ ಬಿಟ್ಟರೆ ಫೀಸು ವಾಪಸ್ ಬರುತ್ತಾ ಅಂತ ಕೇಳಿ, ಬರಹದಲ್ಲೇ ಕೇಳಿ. ಹಾಸ್ಟೆಲ್ಲಿನ ಊಟ ಮಾಡಿ ನೋಡಿ ಬನ್ನಿ, ತಮಾಷೆಗೆ ಹೇಳುತ್ತಿಲ್ಲ, ಊಟ ಸೇರದೆ ಎರಡನೇ ತಿಂಗಳಿಗೇ ಮನೆಗೆ ಬಂದವರು ಬೇಕಾದಷ್ಟು ಇದ್ದಾರೆ. ಸ್ಕಾಲರ್‌ಶಿಪ್ ಟೆಸ್ಟ್ ಇಡುವ ಕಡೆ ನಿಮ್ಮ ನೀಟ್ ಸ್ಕೋರ್ ತೋರಿಸಿ ಫೀಸು ಕಡಿಮೆ ಮಾಡಿಸಿಕೊಳ್ಳಬಹುದು. ಕೇಳುವುದಕ್ಕೆ ನಾಚಿಕೆ ಬೇಡ.

ಮನೆಯಲ್ಲೇ ಓದುವುದಾದರೆ ಟೆಸ್ಟ್ ಸೀರೀಸ್ ಒಂದನ್ನಾದರೂ ತೆಗೆದುಕೊಳ್ಳಿ. ಅದನ್ನು ಒಎಂಆರ್ ಶೀಟಿನ ಮೇಲೆ, ಪೆನ್ನಿನಲ್ಲಿ, ಮಧ್ಯಾಹ್ನ 2ರಿಂದ 5ಕ್ಕೆ ಬರೆಯಿರಿ. ಮಧ್ಯಾಹ್ನ ಊಟ ಮಾಡಿ ನಿದ್ದೆ ಹೊಡೆಯುವ ಹೊತ್ತಿಗೇ ಅಸಲಿ ಪರೀಕ್ಷೆ ನಡೆಯುವುದು, ಮೈಗೂ ಅದು ಅಭ್ಯಾಸ ಆಗಬೇಕು.

ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಎರಡು ಮೂರು ಸಲ ಓದಿದ್ದೇನೆ. ಮತ್ತೆ ಅದೇ ಓದುವುದಕ್ಕೆ ಬೇಜಾರು.

ರಿಪೀಟರ್‌ಗೆ ದೊಡ್ಡ ಅಪಾಯ ಇದೇ. ಪುಟ ತೆರೆದ ಕೂಡಲೇ 'ಇದು ಗೊತ್ತು' ಅನ್ನಿಸುತ್ತದೆ. ಕಣ್ಣಿಗೆ ಗೊತ್ತಿರುತ್ತದೆ, ಕೈಗೆ ಗೊತ್ತಿರುವುದಿಲ್ಲ. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಕ್ರೆಬ್ಸ್ ಚಕ್ರ ಬರೆಯಿರಿ. ಎಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಎಲ್ಲಿ ಎನ್‌ಎಡಿಎಚ್ ಬರುತ್ತದೆ, ಎಫ್‌ಎಡಿಎಚ್2 ಯಾವ ಹೆಜ್ಜೆಯಲ್ಲಿ. ಸಕ್ಸಿನೇಟ್ ಹತ್ತಿರ ಪೆನ್ನು ನಿಂತರೆ ಅಲ್ಲೇ ಓದಬೇಕು, ಇಡೀ ಪಾಠ ಮತ್ತೆ ಅಲ್ಲ. ಓದುವ ಸಮಯಕ್ಕಿಂತ ಮುಚ್ಚಿ ಬರೆಯುವ ಸಮಯ ಜಾಸ್ತಿ ಇರಲಿ. ಚಿತ್ರಗಳ ಕೆಳಗಿನ ಬರಹ, ಕೋಷ್ಟಕಗಳು, ಪಾಠದ ಕೊನೆಯ ಸಾರಾಂಶ, ಇವುಗಳಿಂದ ನೇರ ಪ್ರಶ್ನೆ ಬರುತ್ತವೆ, ಆದರೂ ಎಲ್ಲರೂ ಹಾರಿಸುವುದು ಇವನ್ನೇ.

ಬಯಾಲಜಿಗೆ 360 ಮಾರ್ಕ್ಸ್, ಅಂದರೆ ಅರ್ಧ. ಇಬ್ಬರ ಒಟ್ಟು ಮಾರ್ಕ್ಸ್ ಸಮ ಬಂದರೆ ಮೊದಲು ನೋಡುವುದೂ ಬಯಾಲಜಿಯನ್ನೇ, ಆಮೇಲೆ ಕೆಮಿಸ್ಟ್ರಿ, ಆಮೇಲೆ ಫಿಸಿಕ್ಸ್. ಆದರೆ ರಿಪೀಟರ್‌ಗಳ ಬಯಾಲಜಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಅವರನ್ನು ಹಿಂದಕ್ಕೆ ಎಳೆಯುವುದು ಫಿಸಿಕ್ಸ್. ಖುಷಿ ಕೊಡುತ್ತದೆ ಅಂತ ದಿನವಿಡೀ ಬಯಾಲಜಿ ಓದುತ್ತಾ ಕೂತರೆ 330 ಇದ್ದದ್ದು 340 ಆಗಬಹುದು, ಅದೇ ಹೊತ್ತಿನಲ್ಲಿ ಫಿಸಿಕ್ಸ್ 60 ಇದ್ದದ್ದನ್ನು 110 ಮಾಡಬಹುದಿತ್ತು.

ಹಾಗಾದರೆ ಫಿಸಿಕ್ಸ್ ಹೇಗೆ ಓದುವುದು?

ಬೆಳಗಿನ ಮೊದಲ ಎರಡು ಗಂಟೆ ಅದಕ್ಕೇ ಕೊಡಿ. ವಿಡಿಯೋ ನೋಡುವುದು ಕಡಿಮೆ, ಲೆಕ್ಕ ಬಿಡಿಸುವುದು ಜಾಸ್ತಿ. ತಪ್ಪಾದ ಲೆಕ್ಕಗಳಿಗೇ ಒಂದು ನೋಟ್‌ಬುಕ್ ಇಡಿ, ಅದರಲ್ಲಿ ಪೂರ್ತಿ ಉತ್ತರ ಬರೆಯಬೇಡಿ, ಎಲ್ಲಿ ಎಡವಿದೆ ಅನ್ನುವ ಒಂದು ಸಾಲು ಸಾಕು. 'ವ್ಯಾಸ ಕೊಟ್ಟಿದ್ದರು, ತ್ರಿಜ್ಯ ಅಂದುಕೊಂಡೆ' ಅಂತ ಬರೆದರೆ ಅಷ್ಟೇ ಆಯಿತು. ತಂತಿಯ ರೆಸಿಸ್ಟೆನ್ಸ್ ಲೆಕ್ಕದಲ್ಲಿ ಈ ಒಂದು ತಪ್ಪಿಗೆ ಉತ್ತರ ಸರಿಯಾಗಿ ನಾಲ್ಕನೇ ಒಂದು ಭಾಗ ಆಗಿಬಿಡುತ್ತದೆ. ಪ್ರಶ್ನೆ ತೆಗೆಯುವವರಿಗೂ ಅದು ಗೊತ್ತು, ಆ ತಪ್ಪು ಉತ್ತರವೂ ಆಯ್ಕೆಯಲ್ಲಿ ಇರುತ್ತದೆ, ನೀವು ಖುಷಿಯಿಂದ ಅದಕ್ಕೇ ಗುರುತು ಹಾಕಿ ಬರುತ್ತೀರಿ.

ಗೊತ್ತಿಲ್ಲದ್ದನ್ನು ಊಹೆ ಮಾಡಿ ತುಂಬಬಹುದಾ?

ಎಲ್ಲರೂ ಬೇಡ ಅನ್ನುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಪೂರ್ತಿ ಕಣ್ಣು ಮುಚ್ಚಿ ತುಂಬಿದರೂ ನಾಲ್ಕಕ್ಕೆ ಒಂದು ಸರಿಯಾಗಿ, ಮೂರು ತಪ್ಪಾಗಿ ಸರಾಸರಿ ಪ್ರಶ್ನೆಗೆ ಕಾಲು ಮಾರ್ಕ್ಸ್ ಲಾಭವೇ. ಎರಡು ಆಯ್ಕೆ ಖಂಡಿತ ತಪ್ಪು ಅಂತ ತೆಗೆದುಹಾಕಲು ಬಂದರೆ ಸರಾಸರಿ ಒಂದೂವರೆ ಮಾರ್ಕ್ಸ್. ಹಾಗಂತ ಐವತ್ತು ಪ್ರಶ್ನೆ ಊಹೆ ಮಾಡಬೇಡಿ, ಕಾಲು ಮಾರ್ಕ್ಸ್ ಆಸೆಗೆ ಏರಿಳಿತ ಜಾಸ್ತಿ. ನಿಜವಾಗಿ ಮಾರ್ಕ್ಸ್ ತಿನ್ನುವುದು ಅರ್ಧ ಗೊತ್ತಿರುವ ಪ್ರಶ್ನೆ, ಯಾಕಂದರೆ ಅಲ್ಲಿ ನೀವು ಊಹೆ ಮಾಡುತ್ತಿಲ್ಲ, ಬಲೆಗೆ ಬೀಳುತ್ತಿದ್ದೀರಿ. ಮಾಕ್ ಟೆಸ್ಟ್ ಬರೆಯುವಾಗ ಅನುಮಾನ ಇದ್ದ ಪ್ರಶ್ನೆಗೆ ಚುಕ್ಕಿ ಇಡಿ. ಆಮೇಲೆ ಚುಕ್ಕಿ ಇಟ್ಟವುಗಳಲ್ಲಿ ಎಷ್ಟು ಸರಿಯಾಯಿತು ಎಣಿಸಿ. ನಿಮ್ಮ ಅನುಮಾನಕ್ಕೆ ಎಷ್ಟು ಬೆಲೆ ಅಂತ ಆಗ ಗೊತ್ತಾಗುತ್ತದೆ.

ಕನ್ನಡದಲ್ಲಿ ಬರೆದರೆ ಅನುಕೂಲವಾ?

ನೀಟ್ ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡ ಆರಿಸಿದರೆ ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ, ಪರೀಕ್ಷಾ ಕೇಂದ್ರ ಕರ್ನಾಟಕದಲ್ಲೇ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನದ್ದೇ ಅಂತಿಮ. ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲಿ ಓದಿದವರು ಈಗ ಕನ್ನಡಕ್ಕೆ ಬದಲಾಯಿಸಿಕೊಂಡು ಹೊಸ ಪಾರಿಭಾಷಿಕ ಪದ ಕಲಿಯುವುದರಲ್ಲಿ ಅರ್ಥ ಇಲ್ಲ. ಆದರೆ ಹಳ್ಳಿ ಶಾಲೆಯಿಂದ ಬಂದು ಉದ್ದುದ್ದ ಇಂಗ್ಲಿಷ್ ವಾಕ್ಯದಲ್ಲಿ 'ಯಾವುದು ಸರಿಯಲ್ಲ' ಅನ್ನುವ ಮಾತು ತಪ್ಪಿಸಿಕೊಳ್ಳುವವರಿಗೆ ಎರಡೂ ಭಾಷೆ ಕಣ್ಣ ಮುಂದೆ ಇರುವುದು ಒಳ್ಳೆಯದೇ.

ಬಿಡಿಎಸ್ ಸೀಟು ಸಿಕ್ಕಿದೆ. ಸೇರಿಕೊಂಡು ಪಕ್ಕದಲ್ಲೇ ನೀಟ್‌ಗೂ ಓದಲಾ?

ಮಾಡಬಹುದು, ಆದರೆ ಮೊದಲ ವರ್ಷದ ಬಿಡಿಎಸ್ ಆರಾಮದ ಕೋರ್ಸ್ ಅಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಅನಾಟಮಿ, ಲ್ಯಾಬ್, ಹಾಜರಾತಿ. ಅದಕ್ಕಿಂತ ಮುಖ್ಯ, ಸೇರುವ ಮೊದಲು ಸೀಟು ಬಿಟ್ಟರೆ ಏನಾಗುತ್ತದೆ ಕೇಳಿ. ನಿಗದಿತ ದಿನ ದಾಟಿದ ಮೇಲೆ ಬಿಟ್ಟರೆ ದಂಡ ಇರುತ್ತದೆ, ಉಳಿದ ವರ್ಷಗಳ ಫೀಸನ್ನೂ ಕೇಳುವ ಖಾಸಗಿ ಕಾಲೇಜುಗಳಿವೆ, ಅಷ್ಟರೊಳಗೆ ನಿಮ್ಮ ಅಸಲಿ ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲ ಅವರ ಬೀರುವಿನಲ್ಲಿ ಇರುತ್ತದೆ. ಮುಂದಿನ ವರ್ಷ ಎಂಬಿಬಿಎಸ್ ಸಿಕ್ಕಾಗ ಆ ಕಾಗದ ಬಿಡಿಸಿಕೊಳ್ಳುವುದಕ್ಕೇ ಒದ್ದಾಡಬೇಕಾಗುತ್ತದೆ. ಒಂದು ಕೋರ್ಸ್ ಜೊತೆಗಿರಲೇಬೇಕು ಅನ್ನುವುದಾದರೆ ಬಿಎಸ್‌ಸಿಯಂಥದ್ದು ಬಿಡುವುದಕ್ಕೆ ಸುಲಭ. ನನ್ನನ್ನು ಕೇಳಿದರೆ, ಬರೆಯುವುದಾದರೆ ಪೂರ್ತಿ ಮನಸ್ಸಿಟ್ಟು ಒಂದು ವರ್ಷ ಕೊಡಿ.

ಕೌನ್ಸೆಲಿಂಗ್‌ನಲ್ಲಿ ಹೋದ ಸಲ ಏನೂ ಅರ್ಥ ಆಗಲಿಲ್ಲ. ಎಲ್ಲೆಲ್ಲಿ ಅರ್ಜಿ ಹಾಕಬೇಕು?

ಎರಡು ಕಡೆ, ಎರಡೂ ಬೇರೆ ಬೇರೆ. ದೇಶದ ಸರ್ಕಾರಿ ಕಾಲೇಜುಗಳ 15% ಅಖಿಲ ಭಾರತ ಕೋಟಾ, ಏಮ್ಸ್, ಜಿಪ್ಮರ್, ಡೀಮ್ಡ್ ವಿಶ್ವವಿದ್ಯಾಲಯಗಳು ಕೇಂದ್ರದ ಕೌನ್ಸೆಲಿಂಗ್ ನಡೆಸುವ ಎಂಸಿಸಿ ಕಡೆಗೆ. ಕರ್ನಾಟಕದ ಸರ್ಕಾರಿ ಕಾಲೇಜುಗಳ ಉಳಿದ 85%, ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ, ಖಾಸಗಿ ಕೋಟಾ ಎಲ್ಲ ಕೆಇಎ ಕಡೆಗೆ. ನೀಟ್ ಅರ್ಜಿ ಹಾಕಿದ ಮಾತ್ರಕ್ಕೆ ಕೆಇಎ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ಅಲ್ಲಿ ಪ್ರತ್ಯೇಕ ನೋಂದಣಿ ಆಗಬೇಕು. ಹೋದ ವರ್ಷ ದಾಖಲೆ ಪರಿಶೀಲನೆ ಆಗಿದೆ ಅಂತ ಕೂರಬೇಡಿ, ಈ ವರ್ಷ ಎಲ್ಲ ಹೊಸದಾಗಿ.

ಕೆಇಎಯಲ್ಲಿ ಸೀಟು ಬಂದ ಮೇಲೆ ಕೊಡುವ ಚಾಯ್ಸ್ ಇದೆಯಲ್ಲ, ಜನ ಎಡವುವುದು ಅಲ್ಲೇ. ಚಾಯ್ಸ್ 1 ಅಂದರೆ ಇದೇ ಸಾಕು, ಹೋಗಿ ಸೇರುತ್ತೇನೆ. 2 ಅಂದರೆ ಇದು ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ನೋಡುತ್ತೇನೆ. 3 ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. 4 ಅಂದರೆ ಪೂರ್ತಿ ಹೊರಗೆ. ಚಾಯ್ಸ್ 2 ಕೊಟ್ಟು ಮೇಲಿನ ಆಯ್ಕೆ ಸಿಕ್ಕಿತು ಅಂದರೆ ಹಳೆ ಸೀಟು ತಾನಾಗೇ ಹೋಗುತ್ತದೆ, ಬೇಕು ಅಂದರೂ ವಾಪಸ್ ಬರುವುದಿಲ್ಲ. ಹಾಗಾಗಿ ಮುಂದಿನ ಸುತ್ತಿನ ಮೊದಲು ಪಟ್ಟಿ ತೆರೆದು, ಕೈಯಲ್ಲಿರುವ ಸೀಟಿಗಿಂತ ನಿಜಕ್ಕೂ ಬೇಕು ಅನ್ನಿಸುವುದನ್ನಷ್ಟೇ ಮೇಲೆ ಉಳಿಸಿ. ಫೀಸು ನೋಡದೆ ಪಟ್ಟಿ ಮಾಡಿದವರಿಗೆ ಖಾಸಗಿ ಕೋಟಾದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸಿನ ಸೀಟು ಬಂದು ಮನೆಯಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಮತ್ತೆ ನೀಟ್ ಬರೆಯಬೇಕು ಅಂತಿರುವವರು ಇದನ್ನು ಎರಡು ಸಲ ಓದಿ. ಎಂಸಿಸಿಯ ಮೊದಲ ಸುತ್ತಿನಲ್ಲಿ ಸೀಟು ಬೇಡ ಅಂದರೆ ಏನೂ ನಷ್ಟ ಇಲ್ಲ. ಸುತ್ತು ಮುಂದೆ ಹೋದಂತೆ ಠೇವಣಿ ಹೋಗುತ್ತದೆ. ಉಳಿದ ಸೀಟು ಹಂಚುವ ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಬಂದು ಸೇರದೇ ಇದ್ದರೆ ಠೇವಣಿ ಜೊತೆಗೆ ಒಂದು ವರ್ಷ ನೀಟ್ ಬರೆಯದಂತೆ ನಿರ್ಬಂಧವೂ ಬೀಳುತ್ತದೆ. 'ಸುಮ್ನೆ ಹಾಕಿ ನೋಡೋಣ' ಅಂತ ಕೊನೆ ಸುತ್ತಿಗೆ ಹಾಕಿದವರಿಗೆ ರಿಪೀಟ್ ಮಾಡುವ ವರ್ಷವೇ ಇಲ್ಲದಂತೆ ಆಗುತ್ತದೆ.

ಮೀಸಲಾತಿ ದಾಖಲೆ ಯಾವುವು ಬೇಕು?

ಈ ಒಂದು ವರ್ಷ ಸಿಕ್ಕಿದೆ ಅಲ್ವಾ, ಕಾಗದ ಪತ್ರ ಸರಿ ಮಾಡಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಮೊದಲನೇ ಸಲ ಸರ್ಟಿಫಿಕೇಟ್ ಇಲ್ಲದೆ ಜನರಲ್ ಮೆರಿಟ್‌ನಲ್ಲಿ ಹೋದವರಿದ್ದಾರೆ.

1ನೇ ತರಗತಿಯಿಂದ 10ರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ 15% ಗ್ರಾಮೀಣ ಮೀಸಲಾತಿ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ 5% ಕನ್ನಡ ಮಾಧ್ಯಮ ಮೀಸಲಾತಿ. ಇವಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಆಗಬೇಕು. ಹಳೆ ಶಾಲೆಯ ಹೆಡ್‌ಮಾಸ್ಟರ್ ಬದಲಾಗಿರುತ್ತಾರೆ, ರಜೆಯಲ್ಲಿ ಶಾಲೆಗೆ ಬೀಗ ಇರುತ್ತದೆ, ಹಾಗಾಗಿ ಶಾಲೆ ನಡೆಯುವಾಗಲೇ ಹೋಗಿ ಮಾಡಿಸಿಕೊಂಡು ಬನ್ನಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರಿಗೆ 371ಜೆ, ಅಂದರೆ ಕಲ್ಯಾಣ ಕರ್ನಾಟಕದ ಮೀಸಲಾತಿ ಇದೆ. ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ನಂಬರ್ ಸರಿಯಿದೆಯಾ, ಹೆಸರು ಮಾರ್ಕ್ಸ್ ಕಾರ್ಡಿನಂತೆಯೇ ಇದೆಯಾ ನೋಡಿ.

ಇನ್ನೊಂದು ವಿಷಯ. ರಾಜ್ಯದಲ್ಲಿ 2ಎ, 3ಎ, 3ಬಿ ಅಂತ ಇದ್ದ ಮಾತ್ರಕ್ಕೆ ಎಂಸಿಸಿಯಲ್ಲಿ ಒಬಿಸಿ ಆಗುವುದಿಲ್ಲ. ಅಲ್ಲಿ ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಕೇಂದ್ರದ ನಮೂನೆಯಲ್ಲೇ ಸರ್ಟಿಫಿಕೇಟ್ ಇರಬೇಕು.

ಒಂದು ವರ್ಷ ಗ್ಯಾಪ್ ಇದ್ದರೆ ಕಾಲೇಜಿನಲ್ಲಿ ತೊಂದರೆ ಮಾಡುತ್ತಾರಾ?

ಇಲ್ಲ. ಕೆಲವು ಕಡೆ ಈ ಅವಧಿಯಲ್ಲಿ ಬೇರೆಲ್ಲೂ ಸೇರಿರಲಿಲ್ಲ ಅಂತ ನೋಟರಿ ಅಫಿಡವಿಟ್ ಕೇಳುತ್ತಾರೆ, ಕೊಟ್ಟರೆ ಆಯಿತು. ನೀಟ್ ಅರ್ಜಿಯಲ್ಲಿ ಮಾತ್ರ 'ಈ ವರ್ಷ ಪಿಯುಸಿ ಬರೆಯುತ್ತಿದ್ದೇನೆ' ಅನ್ನುವ ಕೋಡ್ ಹಾಕಬೇಡಿ, ನೀವು ಪಾಸಾದವರು.

ಈ ವರ್ಷದ ಸ್ಕೋರ್ ಮುಂದಿನ ವರ್ಷ ನಡೆಯುತ್ತಾ?

ಇಲ್ಲಿನ ಸೀಟಿಗೆ ನಡೆಯುವುದಿಲ್ಲ. ಎರಡು ಸ್ಕೋರ್‌ಗಳಲ್ಲಿ ಜಾಸ್ತಿ ಇದ್ದದ್ದನ್ನು ಹಿಡಿಯುವುದೂ ಇಲ್ಲ, ಆ ವರ್ಷದ್ದಷ್ಟೇ. ವಿದೇಶಕ್ಕೆ ಹೋಗುವವರಿಗೆ ಮಾತ್ರ ನೀಟ್ ಅರ್ಹತೆ ಮೂರು ವರ್ಷ ಇರುತ್ತದೆ. ವಿದೇಶ ಅಂದರೆ ಸುಲಭ ಅಂದುಕೊಳ್ಳಬೇಡಿ. 2021ರ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳಿನದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮ ಇರಬೇಕು, ಅಲ್ಲೇ 12 ತಿಂಗಳು ಇಂಟರ್ನ್‌ಶಿಪ್, ವಾಪಸ್ ಬಂದು ಇಲ್ಲಿ ಪರೀಕ್ಷೆ ಪಾಸಾಗಬೇಕು, ಮತ್ತೆ ಇಲ್ಲೊಂದು ಇಂಟರ್ನ್‌ಶಿಪ್.

'ನೀಟ್ ಕ್ವಾಲಿಫೈ ಆದರೆ ಸಾಕು, ಸೀಟು ನಾವು ಕೊಡಿಸುತ್ತೇವೆ' ಅಂತ ಫೋನ್ ಬರುತ್ತಿದೆ.

ಬರುತ್ತದೆ, ರಿಸಲ್ಟ್ ಆದ ವಾರವೇ ಬರುತ್ತದೆ. ಎಂಬಿಬಿಎಸ್ ಸೀಟು ಕೌನ್ಸೆಲಿಂಗ್ ಬಿಟ್ಟು ಬೇರೆ ದಾರಿಯಲ್ಲಿ ಸಿಗುವುದಿಲ್ಲ, ಮ್ಯಾನೇಜ್‌ಮೆಂಟ್ ಸೀಟೂ ಅದರಲ್ಲೇ. ಅಡ್ವಾನ್ಸ್ ಅಂತ ಕೊಟ್ಟ ದುಡ್ಡು ಹೋಯಿತು ಅಂತಲೇ ತಿಳಿಯಿರಿ. ನಂಬರ್ ಬ್ಲಾಕ್ ಮಾಡಿ.

ಓದುವುದಕ್ಕಿಂತ ನೆಂಟರ ಮಾತೇ ಕಷ್ಟ. ತಲೆ ಕೆಟ್ಟುಹೋಗುತ್ತಿದೆ.

ಜೊತೆಯವರೆಲ್ಲ ಕಾಲೇಜಿನ ಫೋಟೋ ಹಾಕುವಾಗ ನೀವು ಅದೇ ಹಳೆ ಟೇಬಲ್ ಮುಂದೆ ಕೂತಿರುತ್ತೀರಿ, ಬೇಜಾರಾಗದೇ ಇರುತ್ತಾ? ಇನ್‌ಸ್ಟಾಗ್ರಾಂ ತೆಗೆದುಹಾಕಿದರೆ ಅರ್ಧ ಕಡಿಮೆಯಾಗುತ್ತದೆ. ಮದುವೆ ಮುಂಜಿಗೆ ಹೋಗಲ್ಲ ಅಂದರೆ ಮನೆಯವರು ಒಪ್ಪಬೇಕು, ಒಂದು ವರ್ಷ ಅಷ್ಟೇ. ಅಪ್ಪ ಅಮ್ಮಂದಿರಿಗೆ ಒಂದು ಮಾತು: 'ಎಷ್ಟು ಬಂತು' ಅಂತ ಪ್ರತಿ ಟೆಸ್ಟ್ ಆದಮೇಲೆ ಕೇಳಬೇಡಿ. ಮಾರ್ಕ್ಸ್ ಇಳಿಯುವ ವಾರಗಳು ಇದ್ದೇ ಇರುತ್ತವೆ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಓದಿನ ಟೆನ್ಷನ್ ಅಂತ ಬಿಟ್ಟುಬಿಡುವ ವಿಷಯ ಅಲ್ಲ. ಮನೆಯಲ್ಲಿ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಎರಡನೇ ಸಲವೂ ಸೀಟು ಸಿಗದಿದ್ದರೆ?

ಅದನ್ನು ಈಗಲೇ ಮಾತಾಡಿಕೊಳ್ಳಿ, ರಿಸಲ್ಟ್ ಆದ ರಾತ್ರಿ ಅಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಗೂ ಅರ್ಜಿ ಹಾಕಿ ಬರೆಯಿರಿ, ಪಶುವೈದ್ಯಕೀಯ, ಬಿಎಸ್‌ಸಿ ಅಗ್ರಿ, ಬಿ ಫಾರ್ಮಾ ಅದರ ಮೂಲಕ. ಆಯುರ್ವೇದ, ಹೋಮಿಯೋಪತಿಗೆ ನೀಟ್ ಸ್ಕೋರೇ ನಡೆಯುತ್ತದೆ. ಪಶುವೈದ್ಯಕೀಯಕ್ಕೆ ಹೋದವರು ಯಾರೂ ಸೋತು ಹೋದವರಲ್ಲ, ಆ ಸೀಟಿಗೂ ಪೈಪೋಟಿ ಇದೆ.

ಮೂರನೇ ಸಲಕ್ಕೆ ನನ್ನ ಅಭಿಪ್ರಾಯ ಕೇಳಿದರೆ, ಎರಡನೇ ಸಲ ರ‍್ಯಾಂಕ್ ಚೆನ್ನಾಗಿ ಮೇಲೆ ಬಂದು ಕಟ್‌ಆಫ್ ಹತ್ತಿರ ನಿಂತಿದ್ದರೆ ಮಾತ್ರ. ಅಲ್ಲೇ ಇದ್ದರೆ, ಅಥವಾ ಕೆಳಗೆ ಇಳಿದಿದ್ದರೆ, ಸಿಕ್ಕಿದ ಬೇರೆ ಕೋರ್ಸ್ ಸೇರಿಬಿಡಿ. ವಯಸ್ಸಿನ ಮಿತಿ ಇಲ್ಲದಿರುವುದರಿಂದ ಆಮೇಲೆ ಬರೆಯಬೇಕು ಅನ್ನಿಸಿದರೂ ಬಾಗಿಲು ಮುಚ್ಚಿರುವುದಿಲ್ಲ.